ಅಂಗಡಿಯ ಮಡಿಲಕ್ಕಿ

ನಾನು ಎಂ.ಎಸ್.ಡಬ್ಲ್ಯು. ಸೇರಿದಾಗ ಅದು ಎಂಥ ಓದು ಅಂತ ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ತೊಂಬತ್ತರ ದಶಕದ ನಡು ದಾಟಿತ್ತು. ಅರಕೆರೆಯ ಮಗ್ಗುಲಿನ ನಾಲೆ ಬಯಲಿನ ಊರು ನಮ್ಮದು. ಡಾಕ್ಟರು ಗೊತ್ತು, ಮೇಷ್ಟ್ರು ಗೊತ್ತು, ಲಾಯರು ಚೆನ್ನಾಗಿಯೇ ಗೊತ್ತು. ಸಮಾಜಕಾರ್ಯ ಅಂದರೆ ಏನು? ಅರಳಿಕಟ್ಟೆಯ ಮೇಲೆ ಕುಳಿತವರು ನಮ್ಮಪ್ಪನನ್ನು ತಡೆದು ಕೇಳುತ್ತಿದ್ದರು.

“ಏನ್ಲಾ, ಸಮಾಜ ಸೇವೆ ಮಾಡಕ್ಕೂ ನಿನ್ ಮಗ್ಳು ಮೈಸೂರ್ಗೋಗಿ ಕಲೀಬೇಕಾ? ನಮ್ಮೂರ್ ಚರಂಡಿ ಬಳುದ್ರೆ ಸಾಲ್ದಾ?”

“ಚರಂಡಿ ನೀನ್ ಬಳಿ. ನಿನ್ ಕೈಲಿ ಬಳ್ಸೋ ಆಫೀಸರ್ ಆಯ್ತಾಳೆ ಕಣ್ಲಾ ನನ್ ಮಗ್ಳು.”

ಅಪ್ಪ ಅಷ್ಟು ಹೇಳಿ ಸನಿಕೆ ಹೆಗಲಿಗೇರಿಸಿಕೊಂಡು ನಡೆಯುತ್ತಿದ್ದ. ಅವನು ಊರಿನ ನೀರುಗಂಟಿ. ನಾಲೆಯ ತೂಬಿನಿಂದ ಯಾರ ಗದ್ದೆಗೆ ಯಾವಾಗ ನೀರು ಹೋಗಬೇಕು ಅನ್ನುವುದನ್ನು ನೋಡಿಕೊಳ್ಳುವವನು. ಆಚೆ ಹಾಗೆ ಜಂಬ ಕೊಚ್ಚಿದರೂ ಮನೆಗೆ ಬಂದು ನನ್ನನ್ನು ಮೆಲ್ಲಗೆ ಕೇಳಿದ್ದ, “ಇದನ್ನ ಓದುದ್ರೆ ಏನಾಯ್ತೀಯ ಮಗಾ?” ನಾನು ವಿವರಿಸಿದ್ದೆ. ಫ್ಯಾಕ್ಟರಿಗಳಲ್ಲಿ ಕಾರ್ಮಿಕರ ಕಷ್ಟಸುಖ ನೋಡುವ ಅಧಿಕಾರಿ ಆಗಬಹುದು. ದೊಡ್ಡಾಸ್ಪತ್ರೆಯಲ್ಲಿ ರೋಗಿಗಳಿಗೂ ಮನೆಯವರಿಗೂ ತಿಳಿಹೇಳುವ ಕೆಲಸ ಇದೆ. ತಪ್ಪು ಮಾಡಿದ ಮಕ್ಕಳನ್ನು ನೋಡಿಕೊಳ್ಳುವ ಸರ್ಕಾರಿ ಕೆಲಸ ಇದೆ. ಸಂಘಸಂಸ್ಥೆಗಳಲ್ಲಿ ಹಳ್ಳಿ ಸುತ್ತುವ ಕೆಲಸವೂ ಇದೆ.

“ಯಾವುದ್ರಲ್ಲಿ ನೆಲ ಗಟ್ಟಿ?”

“ಫ್ಯಾಕ್ಟರೀದು ಅಪ್ಪ.”

“ಅಂಗಾರೆ ಅದ್ನೇ ಇಡ್ಕೊ.”

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಆದರೆ ಅದು ನನ್ನೊಬ್ಬಳ ಕೈಯಿಂದ ಆದದ್ದಲ್ಲ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಓದಬೇಕಾದರೆ ಇನ್ನೊಬ್ಬಳು ದನಕ್ಕೆ ಹುಲ್ಲು ತರಬೇಕಿತ್ತು. ಅಕ್ಕ ಏಳನೇ ಕ್ಲಾಸಿಗೆ ಬಿಟ್ಟಳು. ಹುಲ್ಲಿನ ಹೊರೆ ಇಳಿಸಿ, ನನ್ನ ಪುಸ್ತಕ ಎತ್ತಿಕೊಂಡು ಪದ್ಯ ಗಟ್ಟಿಯಾಗಿ ಓದುತ್ತಿದ್ದಳು. ನನಗಿಂತ ಚೆನ್ನಾಗಿ ಓದುತ್ತಿದ್ದಳು. ಆಮೇಲೆ ಅವಳನ್ನು ಕೆ.ಆರ್.ಪೇಟೆಯ ಆಚೆ, ಹೇಮಗಿರಿ ಕಡೆಯ ಒಂದು ಊರಿಗೆ ಕೊಟ್ಟರು. ಹೊಲ, ಗದ್ದೆ, ಡೈರಿಗೆ ಹಾಲು ಹಾಕುವ ಸೀಮೆಹಸು ಇದ್ದ ಅನುಕೂಲಸ್ಥ ಮನೆ. ಭಾವ, ಅವನ ತಾಯಿ, ಆಮೇಲೆ ಅಕ್ಕನಿಗೆ ಹುಟ್ಟಿದ ಎರಡು ಹೆಣ್ಣುಮಕ್ಕಳು. ಅಷ್ಟೇ ಜನ.

ನಮ್ಮ ಓದಿನಲ್ಲಿ ತರಗತಿ ಅರ್ಧ, ಕ್ಷೇತ್ರಕಾರ್ಯ ಅರ್ಧ. ವಾರದಲ್ಲಿ ಎರಡು ದಿನ ಹಳ್ಳಿಗೆ ಹೋಗಿ ಕೆಲಸ ಕಲಿಯಬೇಕು, ಹಿಂತಿರುಗಿ ಬಂದು ಕಂಡದ್ದನ್ನು ಬರೆದು ಮೇಷ್ಟ್ರಿಗೆ ತೋರಿಸಬೇಕು. ಎರಡನೇ ವರ್ಷ ನನ್ನನ್ನು ಪಾಂಡವಪುರದಲ್ಲಿ ಕಚೇರಿ ಇದ್ದ ಒಂದು ಸಂಸ್ಥೆಗೆ ಹಾಕಿದರು. ಸುತ್ತಲಿನ ಊರುಗಳ ಬಸುರಿಯರನ್ನು ಮನೆಯಲ್ಲೇ ಕಂಡು, ಸೂಜಿ ಹಾಕಿಸಿಕೊಂಡರಾ, ರಕ್ತದ ಮಾತ್ರೆ ನುಂಗುತ್ತಿದ್ದಾರಾ ಅಂತ ವಿಚಾರಿಸುವುದು ನನ್ನ ಪಾಲಿನ ಕೆಲಸ. ಮೇಷ್ಟ್ರು ಹೇಳಿಕೊಟ್ಟಿದ್ದು ಇಷ್ಟು: ಹೋದ ತಕ್ಷಣ ಪ್ರಶ್ನೆ ಕೇಳಬೇಡಿ. ಕುಳಿತುಕೊಳ್ಳಿ, ನೀರು ಕೊಟ್ಟರೆ ಕುಡಿಯಿರಿ. ಅವರು ಮಾಡುತ್ತಿರುವ ಕೆಲಸಕ್ಕೆ ಕೈ ಹಾಕಿ. ಇನ್ನೊಂದು ಮಾತನ್ನು ಅವರು ಪದೇ ಪದೇ ಹೇಳುತ್ತಿದ್ದರು: ನಿಮ್ಮ ಮುಂದೆ ಕುಳಿತವರ ಬದುಕಿನ ತೀರ್ಮಾನ ಅವರದು, ನಿಮ್ಮದಲ್ಲ.

ಕೈ ಹಾಕುವುದು ನನಗೆ ಕಷ್ಟವೇ ಆಗಲಿಲ್ಲ. ಅವರೆಕಾಯಿ ಸುಲಿದೆ, ರಾಗಿ ಕೇರಿದೆ, ಕರು ಬಿಟ್ಟು ಕಟ್ಟಿದೆ. ಒಂದು ಮನೆಯಲ್ಲಿ ನನ್ನ ವಯಸ್ಸಿನ ಬಸುರಿ ಒಬ್ಬಳಿದ್ದಳು. ಎರಡು ಪುಟ್ಟ ಹೆಣ್ಣುಮಕ್ಕಳ ತಾಯಿ, ನಗೆಗಾತಿ. “ಮಾತ್ರೆ ನುಂಗುದ್ರೆ ಕೂಸು ಕಪ್ಪಾಯ್ತದಂತೆ, ನಿಮ್ಮಂಗೆ,” ಅಂತ ನನ್ನನ್ನು ರೇಗಿಸಿ ಮಜ್ಜಿಗೆ ಕೊಟ್ಟಿದ್ದಳು. ಮುಂದಿನ ಸಲ ಹೋದಾಗ ಅವಳಿರಲಿಲ್ಲ. ಜಗಲಿಯ ಮೇಲೆ ಅವಳ ಅತ್ತೆ ಕುಳಿತಿದ್ದಳು.

“ತವರ್ಗೋಗವ್ಳೆ ಕಣವ್ವ.”

ಸರಿ ಅಂತ ಎದ್ದು ಬಂದೆ. ಇನ್ನೊಂದು ಊರಿನಲ್ಲಿ ಇನ್ನೊಂದು ಮನೆ. ಅಲ್ಲೂ ಬಸುರಿ ಇಲ್ಲ. “ತವರ್ಗೋಗವ್ಳೆ.” ನಾಗಮಂಗಲದ ಕಡೆ ಕ್ಷೇತ್ರಕಾರ್ಯಕ್ಕೆ ಹೋಗುತ್ತಿದ್ದ ಸಹಪಾಠಿಯೊಬ್ಬಳು ಮೈಸೂರಿನ ಪೇಟೆ ಹುಡುಗಿ. ಅವಳಿಗೂ ಅಲ್ಲಿ ಅದೇ ಉತ್ತರ ಸಿಗುತ್ತಿತ್ತು. “ನಿಮ್ಮ ಕಡೆ ಎಷ್ಟು ಒಳ್ಳೇದು ಕಣೇ, ಬಸುರಿ ಅಂದ ಕೂಡ್ಲೇ ತಾಯಿ ಮನೆಗೆ ಕಳಿಸಿಬಿಡ್ತಾರೆ,” ಅಂದಳು. ಮೇಷ್ಟ್ರು ಕೂಡ ನಮ್ಮಿಬ್ಬರ ವರದಿಯನ್ನೂ ಮೆಚ್ಚಿಕೊಂಡು, ಗ್ರಾಮೀಣ ಹೆಣ್ಣಿಗೆ ತವರಿನ ಆಸರೆ ದೊಡ್ಡದು ಅಂತ ತರಗತಿಯಲ್ಲಿ ಹೇಳಿದರು.

ನನಗೆ ಅದು ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆ ತವರಿನ ಬಾಣಂತನ ಚೊಚ್ಚಲಿಗೆ. ಎರಡು ಹೆತ್ತವಳನ್ನು ನಾಲ್ಕನೇ ತಿಂಗಳಿಗೆ, ನಾಟಿಯ ಕೆಲಸ ಬಿಡಿಸಿ ಯಾವ ಅತ್ತೆ ತವರಿಗೆ ಕಳಿಸುತ್ತಾಳೆ?

ಆ ನಗೆಗಾತಿ ಬಂದ ಮೇಲೆ ಹೋದೆ. ಬಿಸಿಲು ಧಗಧಗ ಅನ್ನುತ್ತಿದ್ದರೂ ಬಾಣಂತಿಯರ ಹಾಗೆ ಕಿವಿ ಮುಚ್ಚಿ ಬಟ್ಟೆ ಕಟ್ಟಿಕೊಂಡಿದ್ದಳು. ತೊಟ್ಟಿಲಿಲ್ಲ, ಕೂಸಿಲ್ಲ.

“ಬಿದ್ದೋಯ್ತು,” ಅಂದಳು.

“ತವರ ಮನೇಲಾ?”

ಅವಳು ಉತ್ತರ ಕೊಡುವ ಮೊದಲು ಅತ್ತೆಯ ಮುಖ ನೋಡಿದಳು. ಆಮೇಲೆ ತಲೆಯಾಡಿಸಿದಳು. ಅವತ್ತು ಮಜ್ಜಿಗೆ ಕೊಡಲಿಲ್ಲ.

ಆ ವರ್ಷ ಗೌರಿಹಬ್ಬಕ್ಕೆ ಅಕ್ಕ ನಮ್ಮ ಮನೆಗೆ ಬಂದಳು. ಮತ್ತೆ ಬಸುರಿ, ಇನ್ನೂ ಹೊಟ್ಟೆ ಕಾಣುತ್ತಿರಲಿಲ್ಲ. ಹೊರಡುವ ದಿನ ಅವ್ವ ಅವಳನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ ಮಡಿಲು ತುಂಬಿದಳು. ನಮ್ಮಲ್ಲಿ ಹೆಣ್ಣುಮಗಳು ತವರಿಂದ ಗಂಡನ ಮನೆಗೆ ಹೊರಟಾಗ ಬರಿ ಮಡಿಲಲ್ಲಿ ಹೋಗುವಂತಿಲ್ಲ. ಹೆತ್ತವಳು ತನ್ನ ಬೊಗಸೆಯಿಂದ ಅಕ್ಕಿ ಹುಯ್ದು, ಮೇಲೆ ತೆಂಗಿನಕಾಯಿ, ಬೆಲ್ಲದ ಅಚ್ಚು, ಎಲೆ ಅಡಿಕೆ, ಕುಪ್ಪಸದ ಬಟ್ಟೆ ಇಟ್ಟು, ಸೀರೆಯ ಸೆರಗಿನಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸುತ್ತಾಳೆ. ಆ ಗಂಟು ಹೊತ್ತು ಗಂಡನ ಊರಿನ ಬೀದಿಯಲ್ಲಿ ನಡೆದುಹೋದರೆ ಜಗಲಿಗಳ ಮೇಲಿನ ಹೆಂಗಸರು ಕೇಳುವುದೇ ಬೇಡ, ತವರಿಂದ ಬಂದಳು ಅಂತ ಗೊತ್ತಾಗಿಬಿಡುತ್ತದೆ. ಆ ಅಕ್ಕಿಯನ್ನು ಅವತ್ತೇ ಬೇಯಿಸಿ ಮನೆಮಂದಿಯೆಲ್ಲ ಉಣ್ಣಬೇಕು. ಹಾಗೆ ಉಂಡರೆ ಬಂದವಳನ್ನು ಮನೆ ಒಪ್ಪಿಕೊಂಡ ಹಾಗೆ.

ಬಸ್ಸಿಗೆ ಬಿಡಲು ನಾಲೆ ಏರಿಯ ಮೇಲೆ ಹೋಗುವಾಗ ಅಕ್ಕ ಅಂದಳು, “ಈ ಸಲ ನಮ್ಮತ್ತೆ ಟೀವೀಲಿ ನೋಡ್ಸಾಣ ಅಂತಾವ್ರೆ ಕಣಮ್ಮಿ.” ಸ್ಕ್ಯಾನಿಂಗ್ ಯಂತ್ರಕ್ಕೆ ಅವರೆಲ್ಲ ಟೀವಿ ಅನ್ನುತ್ತಿದ್ದರು.

“ನೀನೇನಂದೆ?”

“ನಾನೇನನ್ಲಿ? ನಮ್ ಸೀಮೆಅಸ ಎಣ್ಗರ ಆಕ್ದಾಗ ಬೀದಿಗೆಲ್ಲ ಗಿಣ್ಣು ಅಂಚುದ್ರು. ನಂಗೆ ಎರಡ್ನೇದಾದಾಗ ಆಸ್ಪತ್ರೆ ತಾವ್ಕೂ ಬರ್ಲಿಲ್ಲ.” ಅಕ್ಕ ನಕ್ಕಳು. “ಅಸ ಆಗಿ ಉಟ್ಬೇಕಿತ್ತು ನೋಡು ನಾನು.”

“ತಮಾಷೆ ಸಾಕು. ನಿಂಗೇನ್ ಬೇಕಕ್ಕ?”

ಅವಳು ಸೊಂಟದ ಮಡಿಲ ಗಂಟನ್ನು ಬಿಗಿಮಾಡಿಕೊಂಡಳು. ಆ ಪ್ರಶ್ನೆಯನ್ನು ಅವಳಿಗೆ ಅಲ್ಲಿಯವರೆಗೆ ಯಾರೂ ಹಾಕಿರಲಿಲ್ಲ ಅಂತ ಕಾಣುತ್ತದೆ.

“ಒಟ್ಟೇಲಿರೋದು ಉಟ್ಬೇಕು. ಯಾವ್ದಾದ್ರೂ ಸೈ, ಉಟ್ಬೇಕು. ಅಷ್ಟೇಯ.”

ಆ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ನಾನು ಒಂದು ಸಂಗತಿ ಕಂಡೆ. ಮಧ್ಯಾಹ್ನದ ಹೊತ್ತು. ಒಬ್ಬ ಹೆಂಗಸು ಪಕ್ಕದ ದಿನಸಿ ಅಂಗಡಿಯಲ್ಲಿ ಅಕ್ಕಿ, ಕಾಯಿ, ಬೆಲ್ಲ ತೆಗೆದುಕೊಂಡಳು. ಎದುರಿನ ಬಟ್ಟೆ ಅಂಗಡಿಯಲ್ಲಿ ಒಂದು ಕುಪ್ಪಸದ ಬಟ್ಟೆ. ಕಲ್ಲುಬೆಂಚಿನ ಮೇಲೆ ಅವಳ ಸೊಸೆ ಕುಳಿತಿದ್ದಳು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು, ಕಿವಿಗೆ ಬಟ್ಟೆ. ಅತ್ತೆ ಅವಳ ಸೆರಗು ಎಳೆದುಕೊಂಡು, ಆ ಸಾಮಾನೆಲ್ಲ ಅದರೊಳಗೆ ಸುರಿದು, ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿದಳು. ಸೊಸೆ ಎರಡೂ ಕೈ ಪಕ್ಕಕ್ಕೆ ಬಿಟ್ಟು ಸುಮ್ಮನೆ ಕುಳಿತಿದ್ದಳು. ಅವರ ಊರಿನ ಬಸ್ಸು ಬಂತು, ಹತ್ತಿದರು.

ನಾನು ನಿಂತಲ್ಲೇ ನಿಂತೆ. ತವರಿಗೆ ಹೋಗಿ ಬಂದವಳಿಗೆ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಯಾಕೆ ಮಡಿಲು ತುಂಬುತ್ತಾಳೆ? ಬೀದಿಯ ಜನ ನೋಡಲಿ ಅಂತ. ಹೋದದ್ದು ತವರಿಗಲ್ಲ.

ಮೇಷ್ಟ್ರಿಗೆ ಹೇಳಿದೆ. ಅವರು ನನ್ನ ವರದಿಯ ಹಾಳೆಗಳನ್ನು ಮಡಚಿಟ್ಟರು.

“ನೀವು ಕಂಡದ್ದು ಒಂದು ತೆಂಗಿನಕಾಯಿ, ಒಂದು ಹಿಡಿ ಅಕ್ಕಿ. ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಅಂತ ನೋಡಬಾರದು ಅನ್ನೋ ಕಾನೂನೇನೋ ಬಂದಿದೆ. ಇದನ್ನಿಟ್ಟುಕೊಂಡು ಯಾರ ಮೇಲೆ ದೂರು ಕೊಡ್ತೀರಿ? ಆ ಹುಡುಗಿ ಬಾಯಿ ಬಿಡ್ತಾಳಾ?”

“ಹಾಗಾದರೆ ಸುಮ್ಮನಿರೋದಾ ಸಾರ್?”

“ಯಾವ ಮನೆಯವರೂ ನಿಮಗೆ ಬಾಗಿಲು ಹಾಕದ ಹಾಗೆ ನೋಡಿಕೊಳ್ಳಿ. ಒಳಗೆ ಹೋಗುತ್ತಾ ಇರಿ. ನೀವು ಬರ್ತೀರಿ ಅಂತ ಅವರಿಗೆ ಗೊತ್ತಿರಲಿ.”

ಅದು ಆಗ ನನಗೆ ಕೈಲಾಗದವರ ಮಾತಿನ ಹಾಗೆ ಕೇಳಿಸಿತು.

ದೀಪಾವಳಿ ಆಯಿತು, ಭತ್ತದ ಕೊಯ್ಲು ಶುರುವಾಯಿತು. ಅಕ್ಕನಿಂದ ಸುದ್ದಿ ಇಲ್ಲ. ಒಂದು ದಿನ ಬೆಳಿಗ್ಗೆ ಮನೆಯಿಂದ ಹೊರಟು ಕೆ.ಆರ್.ಪೇಟೆಯಲ್ಲಿ ಸಂಸ್ಥೆಯ ಕೆಲಸ ಮುಗಿಸಿದೆ. ಹೇಮಗಿರಿ ಕಡೆಯ ಬಸ್ಸು ನಿಂತಿತ್ತು. ಹೆಚ್ಚು ಯೋಚನೆ ಮಾಡದೆ ಹತ್ತಿದೆ.

ಅಕ್ಕನ ಮನೆಯ ಬಾಗಿಲಿಗೆ ಚಿಲಕ ಹಾಕಿತ್ತು. ಪಕ್ಕದ ಮನೆಯ ಅಜ್ಜಿ ಅಂಗಳದಲ್ಲಿ ರಾಗಿ ಹರಡುತ್ತಿದ್ದಳು. ಅಕ್ಕನ ಮದುವೆಯಲ್ಲಿ ನನ್ನನ್ನು ಲಂಗ ದಾವಣಿಯಲ್ಲಿ ಕಂಡವಳು. ಈಗ ಸೀರೆ ಉಟ್ಟು, ಹೆಗಲಿಗೆ ಜೋಳಿಗೆ ಚೀಲ ಹಾಕಿದ್ದ ನನ್ನ ಗುರುತು ಹತ್ತಲಿಲ್ಲ.

“ಮಕ್ಳಾಗ್ದಂಗೆ ಮಾಡೋ ಆಪರೇಸನ್ನೋರಾ? ನಮ್ಮಟ್ಟೀಲಿ ಎಲ್ರುದೂ ಆಗದೆ, ಮುಂದ್ಕೋಗು ತಾಯಿ.”

“ಅಲ್ಲ ಕಣಜ್ಜಿ. ಈ ಮನೆಯೋರು ಎಲ್ಲಿ?”

“ಸೊಸೆ ತವರ್ಗೋಗವ್ಳೆ. ತಾಯಿ ಮಗ ಬುಟ್ಬರಕ್ಕೋಗವ್ರೆ.”

ಅಷ್ಟು ತಿಂಗಳು ಆ ಮಾತನ್ನು ನಾನು ಎಷ್ಟೋ ಜಗಲಿಗಳಲ್ಲಿ ಕೇಳಿದ್ದೆ. ಅವತ್ತು ಆ ತವರು ನಮ್ಮದೇ ಮನೆ. ಆ ತವರಿಂದಲೇ ನಾನು ಬೆಳಿಗ್ಗೆ ಎದ್ದು ಬಂದಿದ್ದೆ. ಅಲ್ಲಿ ಅವ್ವ ಒಬ್ಬಳೇ ಇದ್ದಳು, ಒಲೆಯ ಮುಂದೆ.

“ಕೊಯ್ಲಲ್ಲಿ ತವರ್ಗಾ?”

“ಸೊಸೇಗೆ ಉಸಾರಿಲ್ವಂತೆ. ಅವ್ರವ್ವ ಕಳ್ಸ್ಕೊಡಿ ಅಂತ ಆಳ್ ಕಳ್ಸಿದ್ಲಂತೆ. ಬೀಗ್ರು ಬಲು ಒಳ್ಳೇ ಜನ ಕಣವ್ವ. ಇಂತ ಕೊಯ್ಲಲ್ಲೂ ಮಗ್ಳು ಯೋಚ್ನೆ ಮಾಡ್ತಾರಲ್ಲ!”

ಅಷ್ಟರಲ್ಲಿ ಅಜ್ಜಿಯ ಮನೆಯೊಳಗಿಂದ ಅಕ್ಕನ ಹಿರಿಮಗಳು ಬಂದಳು. ತಂಗಿಯನ್ನು ಸೊಂಟದ ಮೇಲೆ ಎತ್ತಿಕೊಂಡಿದ್ದಳು. ನನ್ನನ್ನು ಕಂಡು ಅವಳಿಗೆ ಸಂತೋಷಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತು.

“ಚಿಕ್ಕವ್ವ, ಅವ್ವ ನಿಮ್ಮಟ್ಟಿಗೋಯ್ತಲ್ಲ. ನೀನ್ಯಾಕೆ ಇಲ್ಗೆ ಬಂದೆ?”

ರಾಗಿಯ ಮೇಲೆ ಆಡುತ್ತಿದ್ದ ಅಜ್ಜಿಯ ಕೈ ನಿಂತಿತು. ನನ್ನ ಮುಖವನ್ನು ಹತ್ತಿರದಿಂದ ನೋಡಿದಳು.

“ನೀನು ಅವ್ಳ್ ತಂಗಿಯಾ?”

ನಾನು ಹೂಂ ಅಂದೆ. ತವರಿಗೆ ಹೋಗುವ ತಾಯಿ ಕೈಗೂಸನ್ನು ಬಿಟ್ಟು ಹೋಗುತ್ತಾಳಾ ಅಂತ ಅಜ್ಜಿ ಬೆಳಿಗ್ಗೆಯೇ ಯೋಚಿಸಿರಬೇಕು. ನೆರೆಮನೆಯವಳಾಗಿ ಕೇಳದೆ ಉಳಿದಿರಬೇಕು.

“ಎಲ್ಲಿಗಜ್ಜಿ?”

ಅವಳು ಮಕ್ಕಳನ್ನು ಒಳಗೆ ಕಳಿಸಿದಳು. ದನಿ ಇಳಿಸಿ ಒಂದು ಪಟ್ಟಣದ ಹೆಸರು ಹೇಳಿದಳು, ಯಾವ ಸರ್ಕಲ್ಲಿನಲ್ಲಿ ಇಳಿದು ಯಾವ ಸಂದಿಗೆ ತಿರುಗಬೇಕು ಅಂತಲೂ ಹೇಳಿದಳು. ಆ ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ.

“ನಿಂಗೆಂಗೆ ಗೊತ್ತಜ್ಜಿ?”

“ನಮ್ ಸೊಸೇನೂ ಅಲ್ಗೇ ಕರ್ಕಂಡೋಗಿದ್ದೊ,” ಅಂದಳು, ಹಾಲಿನ ಡೈರಿಗೆ ಹೋಗಿದ್ದೆವು ಅನ್ನುವ ಹಾಗೆ. “ಬೆಳಿಗ್ಗೆ ಟೀವೀಲಿ ನೋಡ್ತಾರೆ. ತೆಗ್ಯೋ ಡಾಕ್ಟ್ರು ಸಂಜೀಗೆ ಬತ್ತಾರೆ. ಓಗದಾದ್ರೆ ಈಗ್ಲೇ ಓಗು.”

ಎರಡು ಬಸ್ಸು ಬದಲಾಯಿಸಬೇಕಿತ್ತು. ಎರಡನೆಯದರ ಮುಂದೆ ಕಬ್ಬಿನ ಟ್ರಾಕ್ಟರು. ಹಿಂದೆ ಎರಡು ಟ್ರೈಲರು, ರಸ್ತೆ ತುಂಬ ಕಬ್ಬು. ಡ್ರೈವರು ಹಾರನ್ನು ಹೊಡೆದು ಹೊಡೆದು ಸಾಕಾಗಿ ಬೀಡಿ ಹಚ್ಚಿಕೊಂಡ. ಬಿಸಿಲು ಇಳಿಯುತ್ತಿತ್ತು. ಬಸ್ಸಿನಲ್ಲಿ ಯಾರೋ ಕೂಸಿಗೆ ಹಾಲೂಡಿಸುತ್ತಿದ್ದರು, ಯಾರೋ ಮದುವೆಯ ಮಾತಾಡುತ್ತಿದ್ದರು. ನಾನು ಕಿಟಕಿಯ ಸರಳು ಹಿಡಿದು ಕುಳಿತಿದ್ದೆ.

ಅಜ್ಜಿ ಹೇಳಿದ ಸಂದಿಯಲ್ಲಿ, ನೀಲಿ ಬಣ್ಣದ ಮಹಡಿ ಮನೆಯಲ್ಲಿತ್ತು ಆ ಆಸ್ಪತ್ರೆ. ಒಳಗೆ ಗೋಡೆಯ ಮೇಲೆ ದೊಡ್ಡ ಅಕ್ಷರದ ಹೊಸ ಬೋರ್ಡು: ಇಲ್ಲಿ ಗಂಡು ಹೆಣ್ಣು ಪತ್ತೆ ಮಾಡುವುದಿಲ್ಲ, ಅದು ಅಪರಾಧ. ಅದರ ಕೆಳಗಿನ ಬೆಂಚಿನಲ್ಲೇ ಜನ ಸಾಲಾಗಿ ಕುಳಿತಿದ್ದರು. ಅತ್ತೆಯರು ಮಾತಾಡುತ್ತಿದ್ದರು, ಸೊಸೆಯರು ನೆಲ ನೋಡುತ್ತಿದ್ದರು. ಅಕ್ಕ ಭಾವನಿಗೂ ಅತ್ತೆಗೂ ನಡುವೆ ಕುಳಿತಿದ್ದಳು. ನನ್ನ ಕಣ್ಣು ಮೊದಲು ಹೋದದ್ದು ಅಕ್ಕನ ಕಡೆಗಲ್ಲ, ಅತ್ತೆಯ ಕಾಲ ಬಳಿ ಇದ್ದ ವೈರ್ ಬುಟ್ಟಿಯ ಕಡೆಗೆ. ಮೇಲೆ ತೆಂಗಿನಕಾಯಿಯ ಜುಟ್ಟು. ಪಕ್ಕದಲ್ಲಿ ಮಡಿಚಿದ ಹಳದಿ ಕುಪ್ಪಸದ ಬಟ್ಟೆ. ಅಕ್ಕಿಯ ಪೊಟ್ಟಣ. ಹಿಂತಿರುಗುವಾಗ ಸೊಂಟಕ್ಕೆ ಸಿಕ್ಕಿಸಲು ಎಲ್ಲ ಮೊದಲೇ ಸಿದ್ಧವಾಗಿತ್ತು.

ಅಕ್ಕ ತಲೆ ಎತ್ತಿದಳು. ನನ್ನನ್ನು ಕಂಡು ಅಳಲಿಲ್ಲ, ಏಳಲಿಲ್ಲ. 

“ಅತ್ತೆಮ್ಮ, ಅಕ್ಕನ್ನ ಕರ್ಕೊಂಡೋಗಕ್ಕೆ ಬಂದಿದ್ದೀನಿ,” ಅಂದೆ.

“ಎಲ್ಗೆ?”

“ತವರಿಗೆ. ಅವ್ವ ಆಳು ಕಳ್ಸವ್ಳೆ ಅಂತ ನಿಮ್ಮ ಬೀದಿಗೆಲ್ಲ ಹೇಳ್ಬಂದಿದ್ದೀರಲ್ಲ. ಆ ಆಳು ನಾನೇ.”

ಮಾತು ನಿಂತು ಎಲ್ಲರ ಮುಖವೂ ನಮ್ಮ ಕಡೆ ತಿರುಗಿತು. ಆ ಬೆಂಚುಗಳಲ್ಲಿ ಅವರ ಸೀಮೆಯವರೂ ಇದ್ದರು. ಅತ್ತೆ ಹಲ್ಲು ಕಚ್ಚಿ ದನಿ ತಗ್ಗಿಸಿದಳು.

“ನಾಕಕ್ಸರ ಕಲ್ತ್ಬುಟ್ಟು ಇನ್ನೊಬ್ರಟ್ಟಿ ಒಡ್ಯಕ್ಕೆ ಬಂದವ್ಳೆ. ಆಚೆ ನಡಿಯಮ್ಮಿ.”

ಭಾವ ಕೆಟ್ಟವನಲ್ಲ, ಆದರೆ ತಾಯಿಯ ಮುಂದೆ ಅವನಿಗೆ ಬೆನ್ನೆಲುಬಿರಲಿಲ್ಲ. “ನೋಡವ್ವ,” ಅಂದ, ನನ್ನ ಕಡೆ ನೋಡದೆ. “ಎರಡವೆ. ಮೂರ್ನೇದೂ ಅದೇಯ ಅಂತಾವ್ರೆ. ನಾವೇನ್ ಮಾಡಾಣ ಯೋಳು.”

ಟೀವಿಯಲ್ಲಿ ನೋಡಿ ಆಗಿಬಿಟ್ಟಿದೆ ಅಂತ ನನಗೆ ಗೊತ್ತಾದದ್ದು ಹಾಗೆ. ಅಕ್ಕನ ರಟ್ಟೆ ಹಿಡಿದು ಎಳೆದುಕೊಂಡು ಓಡಬೇಕು ಅನ್ನಿಸಿತು. ಅವಳನ್ನು ಅಲ್ಲಿಗೆ ತಂದವರೂ ಹಾಗೆ ರಟ್ಟೆ ಹಿಡಿದೇ ತಂದಿದ್ದರು. ತರಗತಿಯಲ್ಲಿ ಪರೀಕ್ಷೆಗೆಂದು ಉರು ಹೊಡೆದ ಮಾತು ಅಲ್ಲಿ ನನ್ನ ಕೈ ಕಟ್ಟಿತು. ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತೆ.

“ಅಕ್ಕ, ನೀನೇನಂತೀಯ?”

 ಅಕ್ಕ ಕಾಲುಂಗುರ ನೋಡುತ್ತಿದ್ದಳು. ಅವಳು ಬರಲ್ಲ ಅಂದುಬಿಟ್ಟಿದ್ದರೆ ನಾನು ಏನು ಮಾಡುತ್ತಿದ್ದೆ? ಇವತ್ತಿಗೂ ನನಗೆ ಗೊತ್ತಿಲ್ಲ. ಒಳಗಿನ ಕೋಣೆಯಿಂದ ನರ್ಸು ಬಂದು ಯಾರದೋ ಹೆಸರು ಕೂಗಿದಳು. ಅದು ಅಕ್ಕನ ಹೆಸರಲ್ಲ. ಇನ್ನೊಬ್ಬ ಹುಡುಗಿ ಎದ್ದು ಒಳಗೆ ಹೋದಳು, ಬಾಗಿಲು ಮುಚ್ಚಿತು.

ಆಗ ಅಕ್ಕ ಅತ್ತೆಯ ಕಡೆ ತಿರುಗಿ, ಮನೆಯಲ್ಲಿ ಮಾತಾಡುವ ದನಿಯಲ್ಲೇ ಅಂದಳು, “ಅವ್ವ ಆಳ್ ಕಳ್ಸಿದ್ ಮೇಲೆ ಓಗ್ದೆ ಇದ್ರೆ ಚೆನ್ನಾಗಿರ್ತದಾ ಅತ್ತೆ?”

ಎದ್ದು ನಿಂತಳು.

ಅತ್ತೆಗೆ ಎಲ್ಲರ ಮುಂದೆ ತನ್ನ ಮಾತನ್ನು ತಾನೇ ಸುಳ್ಳು ಮಾಡಲು ಆಗಲಿಲ್ಲ. ಬುಟ್ಟಿಯನ್ನು ಕಾಲಿನಿಂದ ಬೆಂಚಿನ ಕೆಳಕ್ಕೆ ತಳ್ಳಿದಳು.

“ಓಗು. ನಾನೇ ಬಂದು ಕರ್ಕಂಡೋಯ್ತೀನಿ. ಎಣ್ಮಕ್ಳು ನಮ್ತಾವವೆ, ಗ್ಯಾಪಕ ಇಟ್ಕೊ.”

ಬಸ್ಸಿನಲ್ಲಿ ಅಕ್ಕ ಒಂದೇ ಮಾತಾಡಿದ್ದು. “ಚಿಕ್ಕೋಳು ನಾನಿಲ್ದೆ ಉಣ್ಣಲ್ಲ.”

ಹೇಳಿದ ಹಾಗೆಯೇ ಅತ್ತೆ ಆ ವಾರ ಮುಗಿಯುವುದರೊಳಗೆ ಭಾವನನ್ನು ಕರೆದುಕೊಂಡು ಬಂದಳು. ಅದೇ ವೈರ್ ಬುಟ್ಟಿಯನ್ನು ನಮ್ಮ ಜಗಲಿಯ ಮೇಲಿಟ್ಟಳು. ಬೇಗ ಮಾಡಬೇಕು, ದಿನ ಹೋದರೆ ಆಗಲ್ಲ ಅಂತ ಡಾಕ್ಟರು ಹೇಳಿದ್ದಾರಂತೆ. ಹೆಣ್ಣು ಕೊಟ್ಟ ಮನೆಯವನಾದ ಅಪ್ಪ ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡು ನಿಂತಿದ್ದ. ಊರಿನಲ್ಲಿ ಯಾರಿಗೂ ಬಗ್ಗದವನು ಅವನು. ನೀರಿನ ಜಗಳದಲ್ಲಿ ಮಚ್ಚು ಹಿಡಿದವರ ಎದುರು ನಿಂತವನು. ಅವನು ಅವ್ವನ ಕಡೆ ನೋಡಿ, “ಕಳ್ಸ್ಬುಡಾಣ ಕಣೆ. ಆ ಮಕ್ಳು ಅಲ್ಲವೆ,” ಅಂದ. ಅಕ್ಕ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು.  ಆಸ್ಪತ್ರೆಯ ಬೆಂಚಿನಲ್ಲಿ ಕೆಲಸ ಮಾಡಿದ ತವರಿನ ನೆಪ ಇಲ್ಲಿ ನಡೆಯುವಂತಿರಲಿಲ್ಲ.

ಅವ್ವ ಬುಟ್ಟಿಯೊಳಗೆ ಕೈ ಹಾಕಿ ಕುಪ್ಪಸದ ಬಟ್ಟೆ ಎತ್ತಿ ನೋಡಿದಳು, ಮತ್ತೆ ಅಲ್ಲೇ ಇಟ್ಟಳು.

“ಇದನ್ಯಾರು ತಂದಿದ್ದು ಬೀಗಿತ್ತಿ?”

“ಯಾರ್ ತಂದ್ರೇನು? ಮಡ್ಲಿಗೆ ಬಿದ್ರಾಯ್ತು.”

“ನನ್ ಮಗ್ಳು ನನ್ನಟ್ಟಿಂದ ಒಂಟ್ರೆ ಮಡ್ಲಿಗೆ ಉಯ್ಯೋಳು ನಾನು. ನಾನ್ ಉಯ್ಯಲ್ಲ.”

“ಅಂಗಂದ್ರೆ?”

“ಉಯ್ಯಲ್ಲ ಅಂದ್ರೆ ಉಯ್ಯಲ್ಲ. ಬರೀ ಮಡ್ಲಲ್ಲಿ ತವರಿಂದ ಒಸ್ಲು ದಾಟ್ಸ್ಕಂಡು ಓಗಂಗಿದ್ರೆ ಓಗಿ. ನಿಮ್ಮೂರ್ ಬೀದೀಲಿ ಕೇಳ್ದೋರ್ಗೆ ನೀವೇ ಯೋಳ್ಕಳಿ.”

ಅತ್ತೆಯ ಮುಖ ಕಪ್ಪಿಟ್ಟಿತು. “ಯಾವಾಗ್ ಉಯ್ತೀಯ ಮತ್ತೆ?”

“ಕೂಸು ತೊಟ್ಲಿಗೆ ಬಿದ್ಮೇಲೆ.”

ಅತ್ತೆ ಎದ್ದಳು. ಬುಟ್ಟಿ ಎತ್ತಿಕೊಂಡು ಅಂಗಳ ದಾಟಿ, ಬೇಲಿಯ ಹತ್ತಿರ ನಿಂತು ತಿರುಗಿದಳು. “ಆಗ್ಲಿ. ಕೂಸು ಕಡೇಗೆ ನನ್ನಟ್ಟಿಗೇ ಅಲ್ವಾ ಬರೋದು.”

ಆ ಮಾತು ನಮ್ಮ ಮನೆಯಲ್ಲಿ ಉಳಿದುಬಿಟ್ಟಿತು. ಯಾರೂ ಅದನ್ನು ಮತ್ತೆ ಆಡಲಿಲ್ಲ. ಆದರೆ ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುಳಿತಾಗಲೆಲ್ಲ ನನಗೆ ಬೇಲಿಯ ಹತ್ತಿರ ನಿಂತವಳೇ ಕಾಣುತ್ತಿದ್ದಳು.

ಮೇಷ್ಟ್ರು ಹೇಳಿದ್ದನ್ನು ನಾನು ಆಗ ಅಕ್ಷರಕ್ಕೆ ಅಕ್ಷರ ಮಾಡಿದೆ. ರಜೆ ಸಿಕ್ಕಾಗಲೆಲ್ಲ ಅಕ್ಕನ ಗಂಡನ ಊರಿಗೆ ಹೋಗಿ, ಆ ಮನೆಯ ಜಗಲಿಯ ಮೇಲೆ ಕುಳಿತು, ಹುಡುಗಿಯರ ತಲೆ ಬಾಚಿ ಬಂದೆ. ಅತ್ತೆ ಬಾಗಿಲು ಹಾಕಲಿಲ್ಲ. ನೀರು ತಂದಿಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಹಿರಿಯವಳು ಕೇಳುತ್ತಿದ್ದಳು, “ಅವ್ವ ಯಾವಾಗ್ ಬತ್ತದೆ?” ಚಿಕ್ಕವಳು ಕೇಳುವುದನ್ನೇ ಬಿಟ್ಟಿದ್ದಳು.

ಯುಗಾದಿ ಕಳೆದ ಮೇಲೆ ಶ್ರೀರಂಗಪಟ್ಟಣದಲ್ಲಿ ಅಕ್ಕನಿಗೆ ಹೆರಿಗೆಯಾಯಿತು. ಹೆಣ್ಣು. ಅದೇ ಹೊತ್ತಿಗೆ ನನ್ನ ಪರೀಕ್ಷೆ, ಮೌಖಿಕ ಎಲ್ಲ ಮುಗಿದು ಫಸ್ಟ್ ಕ್ಲಾಸ್ ಬಂತು. ಅಪ್ಪ ಅರಳಿಕಟ್ಟೆಯಲ್ಲಿದ್ದವರಿಗೆಲ್ಲ ಕಾಫಿ ಕುಡಿಸಿದ. ಆಮೇಲೆ ನಾನು ಫ್ಯಾಕ್ಟರಿಯ ಸಂದರ್ಶನಕ್ಕೆ ಹೋಗುವುದಿಲ್ಲ, ನಾಗಮಂಗಲದಲ್ಲಿ ಊರೂರು ತಿರುಗುವ ಕೆಲಸಕ್ಕೆ ಸೇರುತ್ತೇನೆ ಅಂದಾಗ, ಸನಿಕೆ ಎತ್ತಿಕೊಂಡು ನಾಲೆಯ ಕಡೆ ಹೊರಟುಹೋದ. ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ನನಗೆ ಬೇಸರವಾಯಿತು. ಆದರೆ ಆ ಜಗಲಿಗಳಲ್ಲಿ ಕುಳಿತು “ತವರಿಗೆ” ಅನ್ನುವವರನ್ನು “ಮಕ್ಕಳನ್ನೂ ಕರ್ಕೊಂಡೋಗವ್ಳಾ?” ಅಂತ ಕೇಳುವವರು ಬೇಕಿತ್ತು. ಅದನ್ನು ಕೇಳಲು ನನಗೆ ಬರುತ್ತಿತ್ತು.

ಮೂರನೇ ತಿಂಗಳಿಗೆ ಭಾವ ಒಬ್ಬನೇ ಬಂದ. ತೊಟ್ಟಿಲ ಬಳಿ ನಿಂತು ಕೂಸಿನ ಕಾಲು ಮುಟ್ಟಿ ನೋಡಿದ. “ಆ ಎರಡೂ ಅಳ್ತವೆ. ಬಾ,” ಅಂದ ಅಕ್ಕನಿಗೆ. ಅಕ್ಕ ಹೋಗುತ್ತೇನೆ ಅಂದಳು. ಬೇಡ ಅನ್ನುವ ಮಾತು ನನ್ನ ಬಾಯಿಗೆ ಬಂತು, ತಡೆದುಕೊಂಡೆ. ತೀರ್ಮಾನ ಅವಳದು, ಅವಳಿಗೆ ಅಲ್ಲಿ ಇಬ್ಬರು ಮಕ್ಕಳಿದ್ದರು. ಅವ್ವ ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಬೊಗಸೆ ತುಂಬ ಅಕ್ಕಿ ಹುಯ್ದಳು. ಗಂಟನ್ನು ಎರಡೆರಡು ಸಲ ಬಿಗಿದಳು. ನಾನೂ ಜೊತೆಗೆ ಹೊರಟೆ.

ಆ ಕೂಸು ಉಳಿಯಿತು, ಬೆಳೆಯಿತು, ಈಗ ನನ್ನ ಎತ್ತರ ಮೀರಿ ನಿಂತಿದೆ. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಸಂಜೆ ನನಗೆ ಇದು ಗೊತ್ತಿರಲಿಲ್ಲ.

ಗಂಡನ ಊರಿನ ಬೀದಿಯಲ್ಲಿ ಅಕ್ಕ ಮಡಿಲ ಗಂಟು ಹೊತ್ತು ನಡೆದಳು. ರಾಗಿಯ ಅಜ್ಜಿ ಜಗಲಿಯಿಂದ ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅತ್ತೆ ಹೊಸ್ತಿಲಲ್ಲಿ ಕಾಲಿಗೆ ನೀರು ಕೊಟ್ಟಳು. ಮಡಿಲಕ್ಕಿಯನ್ನು ಬಿಚ್ಚಿ ಒಂದು ಬಟ್ಟೆಗೆ ಸುರಿದು ಕಟ್ಟಿ, ಅಡಿಗೆಮನೆಯ ಮೇಲುಹಲಗೆಯ ಮೇಲಿಟ್ಟಳು. ಒಲೆಗೆ ಪಾತ್ರೆ ಇಡಲಿಲ್ಲ. ಮಕ್ಕಳಿಬ್ಬರೂ ಅಕ್ಕನನ್ನು ಕಚ್ಚಿಕೊಂಡು ಹಿತ್ತಲಲ್ಲಿ ಕುಳಿತಿದ್ದರು. ಭಾವ ಹಾಲು ಕರೆಯಲು ಹೋದ. ಕೂಸು ನಡುಮನೆಯ ತೊಟ್ಟಿಲಲ್ಲಿ ಮಲಗಿತ್ತು. ಅತ್ತೆ ಅದರ ಪಕ್ಕ ಕುಳಿತು ಹಗ್ಗ ಹಿಡಿದುಕೊಂಡಿದ್ದಳು. ತೂಗುತ್ತಿರಲಿಲ್ಲ. ಕೂಸಿನ ಮುಖವನ್ನೇ ನೋಡುತ್ತಿದ್ದಳು.

“ನಿನ್ ಬಸ್ಸು ಬತ್ತದೆ. ಅದ್ ಬುಟ್ರೆ ಇನ್ನಿಲ್ಲ,” ಅಂದಳು, ತಲೆ ಎತ್ತದೆ.

ಹೌದು, ಅದೇ ಕಡೇ ಬಸ್ಸು. ತಿರುವಿನಲ್ಲಿ ಅದರ ಹಾರನ್ನು ಕೇಳಿಸಿತು. ನಾನು ಹೆಗಲ ಚೀಲ ಇಳಿಸಿ ಗೂಟಕ್ಕೆ ಹಾಕಿದೆ. ಅಡಿಗೆಮನೆಗೆ ಹೋಗಿ ಮೇಲುಹಲಗೆಯಿಂದ ಗಂಟನ್ನು ಇಳಿಸಿದೆ. ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ತೊಟ್ಟಿಲಿನ ಆ ಪಕ್ಕ, ಅತ್ತೆಗೆ ಎದುರಾಗಿ ಕುಳಿತು ಕಲ್ಲು ಆರಿಸತೊಡಗಿದೆ.

“ಅನ್ನ ಆಗ್ಲಿ ಅತ್ತೆಮ್ಮ. ಎಲ್ಲಾರೂ ಉಂಡ್ಮೇಲೆ ನೋಡಾಣ.”

ಬಸ್ಸು ನಿಂತ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಹೊರಟ ಸದ್ದೂ ಕೇಳಿತು.